ಡಾರ್ಟ್: ಗುದ್ದುವುದು ಕಲಿತೆವು, ನೋಡುವುದು ಬಾಕಿ

ನಾಸಾದ ಡಾರ್ಟ್ ನೌಕೆ ಒಡೆದು ಚೂರಾಗಲೆಂದೇ ಹುಟ್ಟಿದ್ದು. 2022ರ ಸೆಪ್ಟೆಂಬರ್ 26ರಂದು, ಭೂಮಿಯಿಂದ ಸುಮಾರು 1.1 ಕೋಟಿ ಕಿ.ಮೀ. ಆಚೆ, ಅದು 160 ಮೀಟರ್ ಅಗಲದ ಡೈಮಾರ್ಫಸ್ ಎಂಬ ಕ್ಷುದ್ರಗ್ರಹಕ್ಕೆ ಸೆಕೆಂಡಿಗೆ ಆರು ಕಿ.ಮೀ. ವೇಗದಲ್ಲಿ ಹೋಗಿ ಅಪ್ಪಳಿಸಿತು. ಅದು ಕಳಿಸಿದ ಚಿತ್ರಗಳನ್ನು ಇಂದು ನೋಡಿದರೂ ಮೈ ಜುಮ್ಮೆನ್ನುತ್ತದೆ. ಸುಮಾರು ಒಂದು ಗಂಟೆ ಮುಂಚಿನವರೆಗೂ ಗುರಿಯೇ ಪ್ರತ್ಯೇಕವಾಗಿ ಕಾಣುತ್ತಿರಲಿಲ್ಲ. ಆಮೇಲೆ ಒಂದು ಚುಕ್ಕಿ, ಆಮೇಲೆ ಬಂಡೆಗಳು, ಬರೀ ಬಂಡೆಗಳು. ಕೊನೆಯ ಚಿತ್ರ ಪೂರ್ತಿ ಬರುವಷ್ಟರಲ್ಲಿ ಕ್ಯಾಮೆರಾವೇ ಉಳಿದಿರಲಿಲ್ಲ.

ಗುದ್ದಿ ಕ್ಷುದ್ರಗ್ರಹದ ದಾರಿ ಬದಲಿಸಬಹುದೇ ಎಂದು ನೋಡುವುದೇ ಈ ಪ್ರಯೋಗದ ಉದ್ದೇಶ. ಗುರಿಯ ಆಯ್ಕೆಯಲ್ಲಿ ಜಾಣತನವಿತ್ತು. ಡೈಮಾರ್ಫಸ್ ತನಗಿಂತ ದೊಡ್ಡ ಡಿಡಿಮಸ್ ಅನ್ನು ಸುತ್ತುವ ಕಾಯ. ಹಾಗಾಗಿ ಪೆಟ್ಟು ಎಷ್ಟು ತಗುಲಿತೆಂದು ಇಲ್ಲಿನ ದೂರದರ್ಶಕಗಳಿಂದಲೇ ಅಳೆಯಬಹುದಿತ್ತು. ಸುತ್ತುವ ಅವಧಿ 73 ಸೆಕೆಂಡ್ ಬದಲಾದರೆ ಸಾಕು, ಗೆದ್ದಂತೆ ಎಂದು ಲೆಕ್ಕ ಹಾಕಿದ್ದರು. ಬದಲಾದದ್ದು ಅರ್ಧ ಗಂಟೆಗೂ ಹೆಚ್ಚು.

ಆದರೆ ಈ ಅರ್ಧ ಗಂಟೆಯನ್ನು ಕಂಡು ಬೀಗುವ ಮುನ್ನ ಸ್ವಲ್ಪ ತಡೆಯಬೇಕು. ಡೈಮಾರ್ಫಸ್ ಜಲ್ಲಿ ರಾಶಿಯಂಥದು. ನೌಕೆ ಕೊಟ್ಟ ನೂಕಿಗಿಂತ, ಹಿಂದಕ್ಕೆ ಸಿಡಿದ ಕಲ್ಲುಮಣ್ಣು ಕೊಟ್ಟ ನೂಕೇ ದೊಡ್ಡದು. ನಾಳೆ ನಮ್ಮತ್ತ ಬರುವುದು ಗಟ್ಟಿ ಬಂಡೆಯಾದರೆ ಈ ಲೆಕ್ಕ ಹಿಡಿಯುವುದಿಲ್ಲ. ಗಾಯ ಪರೀಕ್ಷಿಸಲು ಯುರೋಪಿನ ಹೇರಾ ನೌಕೆ 2024ರ ಅಕ್ಟೋಬರ್‌ನಲ್ಲಿ ಹೊರಟದ್ದು ಅದಕ್ಕೇ. ಇನ್ನು ಡೈನೊಸಾರ್‌ಗಳನ್ನು ಅಳಿಸಿದ, ಸುಮಾರು ಹತ್ತು ಕಿ.ಮೀ. ಅಗಲದ ಕಾಯದ ಮುಂದೆ ಡಾರ್ಟ್‌ನಂಥದ್ದು ಸೊಳ್ಳೆ ಕಡಿತವೂ ಅಲ್ಲ.

ನನ್ನ ನಿಜವಾದ ತಕರಾರು ಬೇರೆ. ನೂಕುವ ಉಪಾಯ ಫಲಿಸಬೇಕಾದರೆ ಆಪತ್ತು ವರ್ಷಗಳ ಮುಂಚೆ ಕಣ್ಣಿಗೆ ಬೀಳಬೇಕು. 2013ರ ಫೆಬ್ರುವರಿ 15ರಂದು ರಷ್ಯಾದ ಚೆಲ್ಯಾಬಿನ್‌ಸ್ಕ್ ಮೇಲೆ ಸಿಡಿದ ಸುಮಾರು 20 ಮೀಟರಿನ ಬಂಡೆ ಸೂರ್ಯನ ದಿಕ್ಕಿನಿಂದ ಬಂತು. ಮೊದಲೇ ಯಾರಿಗೂ ಕಾಣಲಿಲ್ಲ. ಬೆಳಕು ಕಂಡು ಕಿಟಕಿಗೆ ಓಡಿಬಂದವರ ಮುಖಕ್ಕೆ, ತಡವಾಗಿ ಬಂದ ಆಘಾತದ ಅಲೆ ಗಾಜು ಸಿಡಿಸಿತು. ಗಾಯಗೊಂಡವರು ಸುಮಾರು 1,500 ಮಂದಿ. 140 ಮೀಟರ್ ಮೀರಿದ, ಭೂಮಿಯ ಹತ್ತಿರ ಸುಳಿಯುವ ಕಾಯಗಳಲ್ಲಿ ಶೇ 90ರಷ್ಟನ್ನು 2020ರೊಳಗೆ ಪತ್ತೆಹಚ್ಚಿ ಎಂದು ಅಮೆರಿಕದ ಸಂಸತ್ತು 2005ರಲ್ಲೇ ಹೇಳಿತ್ತು. ಗಡುವು ಮುಗಿದಾಗ ಅರ್ಧದಷ್ಟೂ ಸಿಕ್ಕಿರಲಿಲ್ಲ.

ಪ್ರಯೋಗವಾಗಿ ಡಾರ್ಟ್‌ಗೆ ಪೂರ್ಣ ಅಂಕ. ರಕ್ಷಣಾ ವ್ಯವಸ್ಥೆಯೆಂದು ಅದನ್ನು ಕರೆಯುವುದು ಮಾತ್ರ ಉತ್ಪ್ರೇಕ್ಷೆ. ಹುಡುಕಾಟಕ್ಕೆಂದೇ ರೂಪಿಸಿರುವ ನಿಯೋ ಸರ್ವೇಯರ್ ದೂರದರ್ಶಕದ ಉಡಾವಣೆಗೆ ಗೊತ್ತುಮಾಡಿರುವುದು 2027ರ ಸೆಪ್ಟೆಂಬರ್ ಅಥವಾ ಅದರ ನಂತರ.