ಬ್ಯಾಟರಿಗೆ ಒಂದು ರಾತ್ರಿ ಕೊಡಿ

ಮಾಲೂರಿನಿಂದ ಬೆಂಗಳೂರಿಗೆ ದಿನಾ ರೈಲಿನಲ್ಲಿ ಓಡಾಡುವವರ ಕಾರು ಎಷ್ಟೋ ಸಲ ವಾರಗಟ್ಟಲೆ ಮನೆ ಮುಂದೆ ನಿಂತೇ ಇರುತ್ತದೆ. ಭಾನುವಾರ ಮುಳಬಾಗಿಲಿನ ನೆಂಟರ ಮನೆಗೆಂದು ಹೊರಟು ಕೀ ತಿರುಗಿಸಿದರೆ ಕಟಕಟ ಸದ್ದು, ಅಷ್ಟೇ. ಗಾಡಿ ನಿಂತಿದ್ದರೂ ಗಡಿಯಾರ, ರಿಮೋಟ್ ಲಾಕು, ಅಲಾರಂ ಒಂದಿಷ್ಟು ಕರೆಂಟು ಎಳೆಯುತ್ತಲೇ ಇರುತ್ತವೆ. ಬ್ಯಾಟರಿ ಹಳೆಯದಾಗಿದ್ದರೆ ಎರಡು ಮೂರು ವಾರದಲ್ಲಿ ಡೌನ್.

ನಾಲ್ಕು ಜನ ಸೇರಿ ತಳ್ಳುವುದು, ಇಲ್ಲವೇ ಪಕ್ಕದವರ ಟ್ರ್ಯಾಕ್ಟರಿನಿಂದ ವೈರು ಎಳೆಯುವುದು ನಮ್ಮ ಕಡೆಯ ರೂಢಿ. ಸ್ಟಾರ್ಟ್ ಆದಮೇಲೆ ‘ಒಂದು ರೌಂಡ್ ಓಡ್ಸಿ, ತಾನೇ ತುಂಬ್ಕೊಳ್ಳತ್ತೆ’ ಅನ್ನುತ್ತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಶ್ರೀನಿವಾಸಪುರದಿಂದ ಕೋಲಾರಕ್ಕೆ ಹೋಗುವಷ್ಟರಲ್ಲಿ ಬರಿದಾದ ಬ್ಯಾಟರಿ ತುಂಬುವುದಿಲ್ಲ. ಆಲ್ಟರ್ನೇಟರ್ ಇರುವುದು ಸ್ಟಾರ್ಟಿಗೆ ಖರ್ಚಾದಷ್ಟನ್ನು ಮರಳಿ ಕೊಡಲಿಕ್ಕೆ. ಅರ್ಧಂಬರ್ಧ ಚಾರ್ಜಿನಲ್ಲೇ ಬಿಟ್ಟರೆ ಒಳಗಿನ ಸೀಸದ ಪ್ಲೇಟುಗಳ ಮೇಲೆ ಸಲ್ಫೇಟ್ ಹರಳುಗಟ್ಟಿ ಗಟ್ಟಿಯಾಗುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಹಳೆಯ ಶಕ್ತಿ ಬಾರದು. ನಮ್ಮ ಕೋಲಾರ ಜಿಲ್ಲೆಯ ಒಂದು ಮಗ್ಗುಲಿಗೆ ಹೊಸೂರಿನ ಎಕ್ಸೈಡ್ ಕಾರ್ಖಾನೆ, ಇನ್ನೊಂದು ಕಡೆ ತಿರುಪತಿ ಹತ್ತಿರದ ಕರಕಂಬಾಡಿಯಲ್ಲಿ ಅಮರರಾಜ. ಇಷ್ಟು ಬ್ಯಾಟರಿ ತಯಾರಾಗುವ ಊರುಗಳ ನಡುವೆ ಇದ್ದುಕೊಂಡು ಅದನ್ನು ಹೀಗೆ ಹಾಳುಮಾಡುವುದು ಕಂಡರೆ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಬ್ಯಾಟರಿಗೆ ಬೇಕಿರುವುದು ನಿಧಾನ. ಆಂಪಿಯರ್-ಅವರ್ ಎಷ್ಟೋ ಅದರ ಹತ್ತನೇ ಒಂದು ಭಾಗದಷ್ಟು ಕರೆಂಟು ಸಾಕು. ಸಣ್ಣ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿಗೆ ಮೂರೂವರೆ ಆಂಪಿಯರ್. ಹತ್ತು ಹನ್ನೆರಡು ಗಂಟೆ ಹಿಡಿಯುತ್ತದೆ, ಹಿಡಿಯಲಿ. ಮಾವಿನ ಸುಗ್ಗಿಯಲ್ಲಿ ಪಿಕಪ್ ಇಟ್ಟವರು ‘ಮಂಡಿಗೆ ಹೋಗ್ಬೇಕು, ಎರಡು ಗಂಟೇಲಿ ಕೊಡಿ’ ಎಂದು ಬ್ಯಾಟರಿ ಅಂಗಡಿಯಲ್ಲಿ ಅವಸರಪಡಿಸುತ್ತಾರೆ. ಒತ್ತಾಯದ ಕರೆಂಟಿಗೆ ಬ್ಯಾಟರಿ ಕಾಯುತ್ತದೆ, ಆಸಿಡ್ ಕುದಿಯುತ್ತದೆ, ಪ್ಲೇಟು ಬಾಗುತ್ತದೆ. ಮನೆಯ ಯುಪಿಎಸ್ ವೈರನ್ನು ಕಾರಿನ ಬ್ಯಾಟರಿಗೆ ಸಿಕ್ಕಿಸುವುದೂ ಬೇಡ. ಅದರ ಅಳತೆ 150 ಆಂಪಿಯರ್-ಅವರಿನ ದೊಡ್ಡ ಬ್ಯಾಟರಿಗೆ ಸರಿಹೋಗುವಂಥದ್ದು. 14.4 ವೋಲ್ಟಿನ ಆಸುಪಾಸು ತಲುಪಿದ ಮೇಲೆ ತಾನೇ ಕರೆಂಟು ತಗ್ಗಿಸುವ ಆಟೊಮ್ಯಾಟಿಕ್ ಚಾರ್ಜರ್ ಕೊಳ್ಳಿ. ಸಿಗ್ನಲ್ಲಿನಲ್ಲಿ ತಾನೇ ಆಫ್ ಆಗುವ ಹೊಸ ಕಾರುಗಳಲ್ಲಿ ಎಜಿಎಂ ಬ್ಯಾಟರಿ ಇದ್ದರೆ ಚಾರ್ಜರಿನಲ್ಲಿ ಅದರದೇ ಆಯ್ಕೆ ಇರಬೇಕು.

ಎಲ್ಲಿಟ್ಟು ಚಾರ್ಜ್ ಮಾಡುತ್ತೀರಿ ಎಂಬುದು ಇನ್ನೂ ಮುಖ್ಯ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಜಲಜನಕ ಬರುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ ನಾಲ್ಕು ಪಾಲು ಸೇರಿದರೆ ಒಂದು ಕಿಡಿ ಸಾಕು, ಬ್ಯಾಟರಿ ಸಿಡಿದು ಆಸಿಡ್ ಮುಖಕ್ಕೇ ಹಾರುತ್ತದೆ. ಜಲಜನಕ ಹಗುರ, ಮೇಲೇರಿ ಸೂರಿನಡಿ ನಿಲ್ಲುತ್ತದೆ. ಆದ್ದರಿಂದ ಬಾಗಿಲು ಮುಚ್ಚಿದ ಶೆಡ್ಡು, ಅಡುಗೆಮನೆ, ದೀಪ ಊದುಬತ್ತಿ ಹಚ್ಚುವ ಜಾಗ ಯಾವುದೂ ಆಗದು. ಮಳೆ ಬೀಳದ ತೆರೆದ ಜಗಲಿ ಒಳ್ಳೆಯದು. ಹತ್ತಿರ ಬೀಡಿ ಸೇದುವವರನ್ನು ಎಬ್ಬಿಸಿ ಕಳಿಸಿ. ಕಣ್ಣಿಗೆ ಕನ್ನಡಕ ಇರಲಿ, ಪಕ್ಕದಲ್ಲಿ ಒಂದು ಬಕೆಟ್ ನೀರಿರಲಿ. ಆಸಿಡ್ ತಾಗಿದರೆ ಮೊದಲು ತೊಳೆಯಬೇಕು, ತುಂಬ ಹೊತ್ತು ತೊಳೆಯಬೇಕು. ಉಬ್ಬಿದ, ಸೀಳಿದ ಬ್ಯಾಟರಿಗೆ ಚಾರ್ಜರ್ ಹಚ್ಚಲೇಬೇಡಿ.

ಬಿಚ್ಚುವಾಗ ಮೊದಲು ಮೈನಸ್, ಜೋಡಿಸುವಾಗ ಕೊನೆಗೆ ಮೈನಸ್. ಕಾರಿನ ಬಾಡಿಯೆಲ್ಲ ಮೈನಸ್ಸಿಗೇ ಸೇರಿರುತ್ತದೆ. ಮೊದಲು ಪ್ಲಸ್ ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಾಗಿದರೆ ಬೆಂಕಿಯ ಕಿಡಿ ಹಾರುತ್ತದೆ. ಚಾರ್ಜರಿನ ಎರಡೂ ಕ್ಲಿಪ್ಪು ಹಾಕಿದ ನಂತರವೇ ಗೋಡೆಯ ಸ್ವಿಚ್ಚು. ತೆಗೆಯುವಾಗ ಮೊದಲು ಸ್ವಿಚ್ಚು ಆಫ್, ಆಮೇಲೆ ಕ್ಲಿಪ್ಪು.

ಮುಚ್ಚಳ ಇರುವ ಬ್ಯಾಟರಿಯಾದರೆ ನೀರಿನ ವಿಚಾರವೂ ಇದೆ. ತುಂಬ ಆಳದಿಂದ ಬರುವ ನಮ್ಮ ಬೋರ್‌ವೆಲ್ ನೀರಿನ ಲವಣಗಳು ಪ್ಲೇಟಿಗೆ ವಿಷ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನಿನಲ್ಲಿ ತಂದದ್ದೂ ಬೇಡ. ಕುಡಿಯಲು ಸಾಕಾದರೂ ಅದರಲ್ಲಿ ಲವಣ ಉಳಿದೇ ಇರುತ್ತದೆ. ಡಿಸ್ಟಿಲ್ಡ್ ವಾಟರ್ ಮಾತ್ರ. ಪ್ಲೇಟು ಮುಳುಗದಿದ್ದರೆ ಮುಳುಗುವಷ್ಟು ಮೊದಲೇ ಹಾಕಿ, ಮಿಕ್ಕದ್ದು ಚಾರ್ಜ್ ಆದ ನಂತರ. ಆಸಿಡ್ಡನ್ನು ಎಂದೂ ಸುರಿಯಬೇಡಿ.

ಬೆಳಿಗ್ಗೆ ಚಾರ್ಜರ್ ತೆಗೆದ ಕೂಡಲೇ ಮೀಟರ್ ಹಿಡಿದರೆ ಮೋಸಹೋಗುತ್ತೀರಿ. ನಾಲ್ಕೈದು ಗಂಟೆ ಬಿಟ್ಟು ನೋಡಿ. 12.6 ವೋಲ್ಟ್ ನಿಂತಿದ್ದರೆ ತುಂಬಿದೆ, 12.2 ಅಂದರೆ ಅರ್ಧ. ರಾತ್ರಿಯೆಲ್ಲ ಚಾರ್ಜಾದರೂ 10.5ರ ಬಳಿಯೇ ನಿಂತಿದ್ದರೆ ಆರರಲ್ಲಿ ಒಂದು ಸೆಲ್ ಸತ್ತಿದೆ. ಅಂಗಡಿಯವರು ಒಂದೊಂದು ಸೆಲ್ಲಿನ ಆಸಿಡ್ಡಿನ ಗ್ರಾವಿಟಿ, ಅಂದರೆ ಸಾಂದ್ರತೆ, ನೋಡಿದರೆ ಯಾವುದೆಂದು ತಿಳಿಯುತ್ತದೆ. ಅಂಥದ್ದನ್ನು ಗುಜರಿಗೆ ಹಾಕಬೇಡಿ. ಒಡೆದು ಆಸಿಡ್ಡನ್ನು ಚರಂಡಿಗೆ ಬಿಡುವವರಿದ್ದಾರೆ, ಅದರ ಜೊತೆ ಸೀಸವೂ ಹೋಗುತ್ತದೆ. ಹೊಸದು ಕೊಳ್ಳುವ ಅಂಗಡಿಯಲ್ಲೇ ಹಳೆಯದನ್ನು ಕೊಟ್ಟು ಬೆಲೆ ಇಳಿಸಿಕೊಳ್ಳಿ.