ಹಿಂಗಾರಿನ ಊರಿನ ನಾಲ್ಕು ಋತುಗಳು

ಒಂದೇ ಜಾಗವನ್ನು ವರ್ಷವಿಡೀ ಗಮನಿಸುತ್ತ, ಅಲ್ಲಿನ ಗಾಳಿ, ನೀರು, ಗಿಡಮರ, ಹಕ್ಕಿಗಳಲ್ಲಿ ಆಗುವ ಬದಲಾವಣೆಯನ್ನು ತಾರೀಖು ಸಮೇತ ಬರೆದಿಡುವ ಹವ್ಯಾಸಕ್ಕೆ ಋತುವೀಕ್ಷಣೆ ಎಂದು ಹೆಸರು. ಅಮೆರಿಕದ ಮಿಷಿಗನ್ ಸರೋವರದ ದಡದಲ್ಲಿರುವ ಇವಾನ್‌ಸ್ಟನ್‌ನಂಥ ಷಿಕಾಗೋ ಉಪನಗರಗಳು ಈ ಹವ್ಯಾಸಕ್ಕೆ ಹೇಳಿ ಮಾಡಿಸಿದಂತಿವೆ. ಅಲ್ಲಿ ಜನವರಿಯ ಮತ್ತು ಜುಲೈಯ ಸರಾಸರಿ ಉಷ್ಣಾಂಶಗಳ ನಡುವೆ ಸುಮಾರು 28 ಡಿಗ್ರಿ ಸೆಲ್ಸಿಯಸ್ ಅಂತರವಿರುವುದರಿಂದ ಹಿಮ, ಚಿಗುರು, ಹಸಿರು, ಎಲೆಯುದುರು ಎಂಬ ನಾಲ್ಕು ಘಟ್ಟಗಳು ಕಿಟಕಿಯಾಚೆ ನೋಡಿದವರಿಗೂ ತಿಳಿಯುತ್ತವೆ. ಚೆನ್ನೈಯಲ್ಲಿ ತಂಪಾದ ತಿಂಗಳಿಗೂ ಕಾದ ತಿಂಗಳಿಗೂ ಇರುವ ಸರಾಸರಿ ಅಂತರ ಸುಮಾರು 8 ಡಿಗ್ರಿ ಮಾತ್ರವಾದ್ದರಿಂದ, ಈ ಊರಿಗೆ ಬೇಸಗೆ ಬಿಟ್ಟರೆ ಬೇರೆ ಕಾಲವೇ ಇಲ್ಲವೆಂಬ ಮಾತು ಬೆಂಗಳೂರು, ಮೈಸೂರುಗಳಿಂದ ಬಂದು ನೆಲೆಸಿದ ಕನ್ನಡ ಕುಟುಂಬಗಳಲ್ಲೂ ರೂಢಿಯಾಗಿಬಿಟ್ಟಿದೆ. ಆ ಮಾತು ತಪ್ಪು. ಚೆನ್ನೈಗೂ ಸ್ಪಷ್ಟವಾದ ನಾಲ್ಕು ಋತುಗಳಿವೆ. ಅವನ್ನು ಉಷ್ಣಮಾಪಕದಲ್ಲಿ ಹುಡುಕುವ ಬದಲು ಗಾಳಿಯ ದಿಕ್ಕಿನಲ್ಲೂ ಕೆರೆಯ ನೀರಿನ ಮಟ್ಟದಲ್ಲೂ ಹುಡುಕಬೇಕು.

ಭಾರತೀಯ ಹವಾಮಾನ ಇಲಾಖೆಯ ವಿಂಗಡಣೆಯಲ್ಲೂ ವರ್ಷಕ್ಕೆ ನಾಲ್ಕೇ ಭಾಗಗಳು: ಜನವರಿ-ಫೆಬ್ರವರಿಯ ಚಳಿಗಾಲ, ಮಾರ್ಚ್‌ನಿಂದ ಮೇವರೆಗಿನ ಬೇಸಗೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನೈಋತ್ಯ ಮುಂಗಾರು, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಈಶಾನ್ಯ ಹಿಂಗಾರು. ಈ ಲೆಕ್ಕಕ್ಕೆ ಆಧಾರವಾಗುವ ದಾಖಲೆಗಳಲ್ಲಿ ಚೆನ್ನೈಯದು ದೇಶದಲ್ಲೇ ಅತ್ಯಂತ ಹಳೆಯವುಗಳ ಸಾಲಿಗೆ ಸೇರುತ್ತದೆ. ಈಸ್ಟ್ ಇಂಡಿಯಾ ಕಂಪನಿ 1792ರಲ್ಲಿ ನುಂಗಂಬಾಕ್ಕಂನಲ್ಲಿ ಕಟ್ಟಿಸಿದ ಖಗೋಳ ವೀಕ್ಷಣಾಲಯದಲ್ಲಿ 1796ರಿಂದಲೇ ಹವಾಮಾನವನ್ನು ಬರೆದಿಡಲು ತೊಡಗಿದ್ದರು. ಆ ವೀಕ್ಷಣಾಲಯದ ಕಲ್ಲಿನ ಕಂಬ ಇಂದಿನ ಪ್ರಾದೇಶಿಕ ಹವಾಮಾನ ಕೇಂದ್ರದ ಆವರಣದಲ್ಲಿ ಈಗಲೂ ನಿಂತಿದೆ.

ಕನ್ನಡಿಗರಿಗೆ ಋತುವನ್ನು ಓದಲು ಇನ್ನೊಂದು ಪಟ್ಟಿಯೂ ಗೊತ್ತು. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಕಳೆಯುವ ಹದಿಮೂರು ಹದಿನಾಲ್ಕು ದಿನಗಳ ಅವಧಿಯನ್ನು ಆ ನಕ್ಷತ್ರದ ಮಳೆಯೆಂದು ಕರೆಯುವ ಮಳೆ ನಕ್ಷತ್ರಗಳ ಲೆಕ್ಕವದು. ಭರಣಿ, ಕೃತ್ತಿಕೆ, ರೋಹಿಣಿಗಳಲ್ಲಿ ಉಳುಮೆಯ ಮಾತು ಮೊದಲಾಗಿ, ಆರಿದ್ರಾ, ಪುನರ್ವಸು, ಪುಷ್ಯಗಳಲ್ಲಿ ಮಲೆನಾಡು ತೊಯ್ದು, ಚಿತ್ತಾ, ಸ್ವಾತಿ, ವಿಶಾಖಾ ಬರುವಷ್ಟರಲ್ಲಿ ಅಲ್ಲಿನ ಮಳೆಗಾಲ ಕೊನೆಯ ಹಂತ ತಲುಪಿರುತ್ತದೆ. ಚೆನ್ನೈಗೆ ಈ ಪಟ್ಟಿಯನ್ನು ಬಾಲದ ಕಡೆಯಿಂದ ಓದಬೇಕು. ಪಶ್ಚಿಮ ಘಟ್ಟಗಳು ನೈಋತ್ಯ ಮಾರುತದ ನೀರಿನ ಬಹುಪಾಲನ್ನು ಘಟ್ಟದ ಪಶ್ಚಿಮಕ್ಕೇ ಇಳಿಸಿಕೊಳ್ಳುವುದರಿಂದ ಆರಿದ್ರೆಯ ಹೊತ್ತಿನಲ್ಲಿ ಚೆನ್ನೈ ಮಳೆ ನೆರಳಿನಲ್ಲಿರುತ್ತದೆ. ಅಕ್ಟೋಬರ್ ನಡುವಿನಲ್ಲಿ ಗಾಳಿ ತಿರುಗಿ, ಬಂಗಾಳ ಕೊಲ್ಲಿಯ ಮೇಲೆ ತೇವ ಹೀರಿಕೊಂಡು ಈಶಾನ್ಯದಿಂದ ಬೀಸತೊಡಗಿದಾಗ ಇಲ್ಲಿನ ನಿಜವಾದ ಮಳೆಗಾಲ ಆರಂಭವಾಗುತ್ತದೆ. ವರ್ಷಕ್ಕೆ ಬೀಳುವ ಸುಮಾರು 1400 ಮಿಲಿಮೀಟರ್ ಮಳೆಯಲ್ಲಿ ಹತ್ತರಲ್ಲಿ ಆರು ಪಾಲು ಬರುವುದು ಈ ಮೂರು ತಿಂಗಳಲ್ಲೇ. ಚಿತ್ತಾ ಇಲ್ಲಿ ಬಾಗಿಲು ತೆರೆಯುವ ನಕ್ಷತ್ರ, ಸ್ವಾತಿ-ವಿಶಾಖಾ ಊರಿನ ಕೆರೆ ತುಂಬಿಸುವ ನಕ್ಷತ್ರಗಳು. ಕರ್ನಾಟಕದಲ್ಲಿ ಯಾರೂ ಅಷ್ಟಾಗಿ ನೆನೆಯದ ಅನುರಾಧೆ ಇಲ್ಲಿ ಚಂಡಮಾರುತದ ಭಯ ತರುವ ನಕ್ಷತ್ರ.

ಹಿಂಗಾರನ್ನು ನೋಡಲು ದಕ್ಷಿಣದ ಉಪನಗರಗಳಿಗಿಂತ ಒಳ್ಳೆಯ ಜಾಗವಿಲ್ಲ. ವೇಳಚ್ಚೇರಿ, ಚಿಟ್ಲಪಾಕ್ಕಂ, ಪೆರುಂಬಾಕ್ಕಂ ಮೊದಲಾದ ಹೆಸರುಗಳು ಇಂದು ಬಡಾವಣೆಗಳವಾದರೂ ಆ ಒಂದೊಂದು ಊರಿಗೂ ಒಂದು ಕೆರೆಯಿದೆ. ಇಂಥ ಹತ್ತಾರು ಕೆರೆಗಳ ಕೋಡಿನೀರು, ಅಂದರೆ ತುಂಬಿ ಹೊರಚೆಲ್ಲುವ ನೀರು, ಪಳ್ಳಿಕ್ಕರಣೈ ಜೌಗುಭೂಮಿಗೆ ಇಳಿದು, ಅಲ್ಲಿಂದ ಒಕ್ಕಿಯಂ ಮಡುವು ಎಂಬ ಹಾದಿಯ ಮೂಲಕ ಬಕಿಂಗ್‌ಹ್ಯಾಮ್ ಕಾಲುವೆ ಸೇರಿ ಕೋವಳಂ ಬಳಿ ಕಡಲಿಗೆ ಹೋಗುತ್ತದೆ. ಸೆಪ್ಟೆಂಬರ್ ಕೊನೆಯಲ್ಲಿ ಜೌಗಿನ ಅಂಚು ಬಿರುಕುಬಿಟ್ಟ ಕಪ್ಪು ಕೆಸರಾಗಿರುತ್ತದೆ. ಎರಡು ಜೋರು ಮಳೆಗಳಾದ ಮೇಲೆ ಆ ಬಿರುಕುಗಳು ಮುಚ್ಚಿಹೋಗಿ, ನೀರು ಆಪಿನ ಬುಡಕ್ಕೆ ಬಂದು, ನೀಲಿ ಜಂಬುಕೋಳಿಗಳು ಕೆಂಪು ಕಾಲೆತ್ತಿ ಹೆಜ್ಜೆಯಿಡುತ್ತ ಎಳೆಯ ದಂಟುಗಳನ್ನು ಕಿತ್ತು ತಿನ್ನುವುದು ರಸ್ತೆಯಂಚಿನಿಂದಲೇ ಕಾಣುತ್ತದೆ. ಇದೇ ಹೊತ್ತಿಗೆ ಉತ್ತರದಿಂದ ಬಿಳಿಹುಬ್ಬಿನ ಬಾತುಗಳೂ ಸೂಜಿಬಾಲದ ಬಾತುಗಳೂ ಬಂದಿಳಿಯುತ್ತವೆ. ಆದರೆ ನುರಿತ ವೀಕ್ಷಕನಿಗೆ ವಲಸೆ ಹಕ್ಕಿಗಿಂತ ಊರಿನ ಹಕ್ಕಿಯೇ ಹೆಚ್ಚು ನಂಬಿಕೆಯ ಪಂಚಾಂಗ. ತಾವರೆ ಎಲೆಗಳ ಮೇಲೆ ಉದ್ದನೆಯ ಬೆರಳುಗಳನ್ನು ಹರಡಿ ನಡೆಯುವ ದೇವನಕ್ಕಿ ಮರಿ ಮಾಡುವ ಮಳೆತಿಂಗಳುಗಳಲ್ಲಿ ಕುಡುಗೋಲಿನಂತೆ ಬಾಗಿದ ಕಪ್ಪು ಬಾಲವನ್ನೂ ಕತ್ತಿನ ಹಿಂಬದಿಯಲ್ಲಿ ಹೊಂಬಣ್ಣವನ್ನೂ ಧರಿಸಿರುತ್ತದೆ. ಚಳಿಗಾಲಕ್ಕೆ ಬಾಲ ಕಳಚಿ, ಮೈ ಕಂದಾಗಿ, ಎದೆಯ ಮೇಲೆ ಕಪ್ಪು ಗೆರೆಯೊಂದು ಉಳಿಯುತ್ತದೆ. ಅದೇ ಹಕ್ಕಿಯ ಎರಡು ಉಡುಪುಗಳನ್ನು ಗುರುತಿಸಬಲ್ಲವರಿಗೆ ಚೆನ್ನೈಯಲ್ಲಿ ಋತುವಿಲ್ಲವೆಂದು ಅನಿಸುವುದು ಸಾಧ್ಯವೇ ಇಲ್ಲ.

ಡಿಸೆಂಬರ್ ನಡುವಿನಿಂದ ಜನವರಿ ನಡುವಿನವರೆಗಿನ ಮಾರ್ಗಳಿ ಮಾಸ ಸಂಗೀತ ಕಛೇರಿಗಳಿಗೆ ಹೆಸರಾದದ್ದು. ಆ ವೈಭವದ ಹಿಂದೆ ಹವೆಯ ಒಂದು ಅನುಕೂಲವಿದೆ: ಮಳೆ ಹಿಂದೆಗೆದಿರುತ್ತದೆ, ಬೆಳಗಿನ ಇಬ್ಬನಿ ರಂಗೋಲಿಯ ಹಿಟ್ಟನ್ನು ತುಸು ಹೊತ್ತು ತೇವವಾಗಿಡುತ್ತದೆ, ಸಭಾಂಗಣಕ್ಕೆ ನಡೆದು ಹೋದರೂ ಮೈ ಬೆವರುವುದಿಲ್ಲ. ಜನವರಿಯಿಂದ ಮಾರ್ಚ್‌ವರೆಗೆ ನೀಲಾಂಕರೈ ಮತ್ತು ಬೆಸಂಟ್ ನಗರದ ನಡುವಿನ ಮರಳಿನಲ್ಲಿ ಆಲಿವ್ ರಿಡ್ಲಿ ಜಾತಿಯ ಕಡಲಾಮೆಗಳು ರಾತ್ರಿ ಬಂದು ಮೊಟ್ಟೆಯಿಡುತ್ತವೆ. 1988ರಿಂದ ವಿದ್ಯಾರ್ಥಿಗಳ ಕಡಲಾಮೆ ಸಂರಕ್ಷಣಾ ಜಾಲದ ಸ್ವಯಂಸೇವಕರು ಈ ದಂಡೆಯಲ್ಲಿ ನಡೆದು ಮೊಟ್ಟೆಗಳನ್ನು ಕಾಪಾಡುತ್ತ ಬಂದಿದ್ದಾರೆ.

ಬೇಸಗೆಯ ವಿಚಾರ ಕೊಂಚ ವಿವರವಾಗಿ ಹೇಳಬೇಕಾದದ್ದು. ಸೂರ್ಯನು ಭರಣಿಯ ಮೂರನೆಯ ಪಾದದಿಂದ ಕೃತ್ತಿಕೆಯನ್ನು ದಾಟಿ ರೋಹಿಣಿಯ ಮೊದಲ ಪಾದ ಮುಗಿಸುವವರೆಗಿನ, ಅಂದರೆ ಸರಿಸುಮಾರು ಮೇ 4ರಿಂದ 28ರವರೆಗಿನ ಅವಧಿಯನ್ನು ತಮಿಳರು ಅಗ್ನಿ ನಕ್ಷತ್ರ ಅಥವಾ ಕತ್ತರಿ ಎನ್ನುತ್ತಾರೆ. ಕರ್ನಾಟಕದ ರೈತ ಮುಗಿಲು ನೋಡುವ ಅದೇ ಕೃತ್ತಿಕೆಯಲ್ಲಿ ಚೆನ್ನೈ ನೆರಳು ನೋಡುತ್ತದೆ. ಆದರೆ ಈ ಊರಿನ ದಾಖಲೆಯ ಬಿಸಿಲು, 45 ಡಿಗ್ರಿ, ಬಂದದ್ದು 2003ರ ಮೇ 31ರಂದು, ಪಂಚಾಂಗದ ಕತ್ತರಿ ಮುಗಿದ ಮೇಲೆ. ಅದರ ಕೀಲಿ ಕಡಲಗಾಳಿಯಲ್ಲಿದೆ. ಹಗಲು ನೆಲ ಕಡಲಿಗಿಂತ ಬೇಗ ಕಾಯುವುದರಿಂದ ನೆಲದ ಗಾಳಿ ಮೇಲೇರಿ, ಅದರ ಸ್ಥಾನಕ್ಕೆ ಕಡಲಿನ ತಂಪು ಗಾಳಿ ಒಳನುಗ್ಗುತ್ತದೆ; ಅದು ನಡುಹಗಲಿಗೇ ಬಂದರೆ ಉಷ್ಣಾಂಶ ಅಲ್ಲಿಗೆ ನಿಲ್ಲುತ್ತದೆ. ಮೇ ಕೊನೆ, ಜೂನ್ ಮೊದಲಲ್ಲಿ ಕೇರಳದ ಕಡೆ ಮುಂಗಾರು ಹತ್ತಿರವಾದಂತೆ ಪಡುವಣ ಗಾಳಿ ಬಲಗೊಂಡು ಕಡಲಗಾಳಿಯನ್ನು ತಡೆದು ನಿಲ್ಲಿಸುವುದರಿಂದ, ಆಗಲೇ ಕೆಲವು ದಿನ ಊರು ಬೆಂದುಹೋಗುತ್ತದೆ. ತಾರಸಿಯ ಮೇಲೆ ಒಣಹಾಕಿದ ಬಟ್ಟೆ ಮೂಡಣದ ಕಡೆಗೆ ಹಾರುತ್ತಿದ್ದದ್ದು ಒಮ್ಮೆ ಜೋತುಬಿದ್ದು, ಮತ್ತೆ ಪಡುವಣಕ್ಕೆ ತಿರುಗುವ ಗಳಿಗೆಯೇ ಕಡಲಗಾಳಿ ಮುಟ್ಟಿದ ಗಳಿಗೆ. ಇವಾನ್‌ಸ್ಟನ್‌ನಲ್ಲೂ ಬೇಸಗೆಯ ಮಧ್ಯಾಹ್ನ ಸರೋವರದ ಗಾಳಿ ಇದೇ ನಿಯಮದಿಂದ ಬೀಸಿ ದಡದ ಬೀದಿಗಳನ್ನು ಒಳನಾಡಿಗಿಂತ ತಂಪಾಗಿಡುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಋತುವನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ಹಗಲು ಕಾದ ಒಳನಾಡಿನಲ್ಲಿ ಎದ್ದ ಗುಡುಗುಮೋಡಗಳು ಸಂಜೆಯಿಂದ ನಡುರಾತ್ರಿಯೊಳಗೆ ಪಡುವಣದಿಂದ ಬಂದು ಒಂದೆರಡು ಗಂಟೆ ಸುರಿದು ಹೋಗುತ್ತವೆ. ಕೆರೆ ತುಂಬಿಸುವಷ್ಟು ಅಲ್ಲದಿದ್ದರೂ ಬೇರು ಉಳಿಸುವಷ್ಟು ಮಳೆ ಅದು. ಆ ಮಳೆಯೂ ತಡವಾಗಿ, ಹಿಂದಿನ ವರ್ಷದ ಹಿಂಗಾರೂ ಕೈಕೊಟ್ಟಿದ್ದರೆ ಏನಾಗುತ್ತದೆಂಬುದನ್ನು 2019ರ ಜೂನ್ ತೋರಿಸಿತು: ಪೂಂಡಿ, ಚೋಳವರಂ, ಪುಳಲ್, ಚೆಂಬರಂಬಾಕ್ಕಂ ಎಂಬ ನಾಲ್ಕೂ ಜಲಾಶಯಗಳು ಬಹುತೇಕ ಬತ್ತಿ, ಊರು ನೀರಿನ ಟ್ಯಾಂಕರುಗಳ ಮುಂದೆ ಸಾಲುಗಟ್ಟಿತು. ಅದಕ್ಕೆ ನಾಲ್ಕೇ ವರ್ಷ ಹಿಂದೆ, 2015ರ ಡಿಸೆಂಬರ್ ಮೊದಲಲ್ಲಿ, ತಾಂಬರಂನಲ್ಲಿ ಒಂದೇ ದಿನ 490 ಮಿಲಿಮೀಟರ್ ಮಳೆ ಬಿದ್ದು, ಚೆಂಬರಂಬಾಕ್ಕಂನಿಂದ ಬಿಟ್ಟ ನೀರೂ ಸೇರಿ ಅಡೈಯಾರು ಹೊಳೆ ಉಕ್ಕಿ ಮನೆಗಳ ಮೊದಲ ಅಂತಸ್ತಿನವರೆಗೆ ನುಗ್ಗಿತ್ತು. ಬರವೂ ನೆರೆಯೂ ಒಂದೇ ತಪ್ಪಿನ ಫಲಗಳು: ಮೂರು ತಿಂಗಳ ನೀರನ್ನು ಒಂಬತ್ತು ತಿಂಗಳಿಗೆ ಹಿಡಿದಿಡಲೆಂದು ಕಟ್ಟಿದ ಕೆರೆಗಳ ಅಂಗಳದಲ್ಲಿ ಮನೆ ಕಟ್ಟಿಕೊಂಡ ಊರು ತನ್ನ ಋತುವನ್ನು ಮರೆತಿತ್ತು. ಪಳ್ಳಿಕ್ಕರಣೈಯ ಸುಮಾರು 1,250 ಹೆಕ್ಟೇರ್ 2022ರಲ್ಲಿ ರಾಮ್ಸಾರ್ ತಾಣವಾಗಿ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಯಾಗಿ, ಮನ್ನಣೆ ಪಡೆದದ್ದು ಸಮಾಧಾನದ ಸಂಗತಿ. ಅದರ ಹಿಂದಿನ ವಿಸ್ತಾರದ ಬಹುಪಾಲು ಕಸದ ರಾಶಿ, ರಸ್ತೆ, ಕಟ್ಟಡಗಳ ಅಡಿಗೆ ಹೋಗಿಯಾಗಿದೆ.

ಈ ಹವ್ಯಾಸ ಹಿಡಿಯಬೇಕೆನ್ನುವ ಚೆನ್ನೈ ಕನ್ನಡಿಗರು ಯುಗಾದಿಗಾಗಿ ಕಾಯದೆ ಚಿತ್ತಾ ಮಳೆಗೆ ಶುರುಮಾಡಲಿ. ಮನೆಗೆ ಹತ್ತಿರದ ಕೆರೆಯ ತೂಬಿನ ಬಳಿ ಒಂದು ಮೆಟ್ಟಿಲನ್ನೋ ಕಲ್ಲನ್ನೋ ಗುರುತು ಮಾಡಿಕೊಂಡು, ನೀರು ಅದನ್ನು ಮುಟ್ಟಿದ ದಿನವನ್ನೂ ಬಿಟ್ಟ ದಿನವನ್ನೂ ಬರೆದಿಡಲಿ. ಕೋಡಿ ಹರಿಯುವ ಹಾದಿಯಲ್ಲಿ ಮಣ್ಣು ತುಂಬುತ್ತಿರುವುದು ಕಂಡರೆ ಆ ತಾರೀಖನ್ನೂ ಬರೆದು ಪಾಲಿಕೆಗೆ ತಿಳಿಸಲಿ.