ಬಣ್ಣ ಬಳಿದ ಮನೆ, ಅಡಿಟಿಪ್ಪಣಿ ಇಲ್ಲದ ಪಾಠ

ಕಳೆದ ಮಳೆಗಾಲದ ಒಂದು ರಾತ್ರಿ ಉಜಿರೆಯ ನಮ್ಮ ಮನೆಯಲ್ಲಿ ಅಮ್ಮ, ತಂಗಿ, ನಾನು ಕೂತು ‘ಕಸ್ತೂರಿ ನಿವಾಸ’ ನೋಡುತ್ತಿದ್ದೆವು. 1971ರಲ್ಲಿ ದೊರೈ–ಭಗವಾನ್ ಜೋಡಿ ಕಪ್ಪು ಬಿಳುಪಿನಲ್ಲಿ ತೆಗೆದ ಸಿನಿಮಾ ಅದು. ನಾವು ಹಾಕಿಕೊಂಡದ್ದು 2014ರಲ್ಲಿ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದ ರೂಪವನ್ನು. ಅರ್ಧ ಗಂಟೆ ಕಳೆದಿರಬಹುದು, ಅಮ್ಮ ಹೇಳಿದರು: “ಇದು ಆ ಮನೆಯೇ ಅಲ್ಲ ಮಾರಾಯ. ಅದು ಇಷ್ಟು ಹೊಸತಾಗಿ ಇರ್ಲಿಲ್ಲ.” ತಂಗಿ ಬಿಡಲಿಲ್ಲ: “ಕಪ್ಪು ಬಿಳುಪಾಗಿದ್ರೆ ನಾನು ನೋಡ್ತಾನೇ ಇರ್ಲಿಲ್ಲ.” ಕೊನೆಯಲ್ಲಿ ಪಾರಿವಾಳದ ಸನ್ನಿವೇಶ ಬಂದಾಗ ಹೆಚ್ಚು ಅತ್ತವಳು ಅವಳೇ.

ಆ ರಾತ್ರಿಯಿಂದ ಈ ಇಬ್ಬರ ಮಾತೂ ನನ್ನ ತಲೆಯಲ್ಲಿದೆ. ಅಮ್ಮ ಚಿತ್ರವಿಮರ್ಶೆ ಓದಿದವರಲ್ಲ. ಆದರೂ ಅವರು ಸರಿಯಾದ ಜಾಗದಲ್ಲೇ ಬೆರಳಿಟ್ಟಿದ್ದರು. ಕೊಡುವ ಕೈಯೊಂದು ಕೊಡುತ್ತಾ ಕೊಡುತ್ತಾ ಬರಿದಾಗುವ ಕಥೆ ಅದು. ಕಪ್ಪು ಬಿಳುಪಿನಲ್ಲಿ ಆ ಮನೆಯ ಸಿರಿಯೂ ಬಡತನವೂ ಬೆಳಕು ನೆರಳಿನಲ್ಲಿ ಕಾಣುತ್ತವೆ. ಗೋಡೆಗೆ ಯಾವ ಬಣ್ಣ, ಸೀರೆಗೆ ಯಾವ ಬಣ್ಣ ಎಂದು ನಾವು ಕೇಳುವುದಿಲ್ಲ. ಬಣ್ಣ ತುಂಬಿದವರು ಮಾತ್ರ ಪ್ರತಿ ವಸ್ತುವಿಗೂ ಒಂದು ಬಣ್ಣ ಆರಿಸಲೇಬೇಕು. ಆಗ ನಾಯಕನ ಜೊತೆಗೆ ಮಾಸಬೇಕಾದ ಮನೆ ಹೊಸದಾಗಿ ಮಿನುಗುತ್ತದೆ.

ಇದು ಒಂದೇ ಸಿನಿಮಾದ ಮಾತಲ್ಲ. 1965ರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿ ಬಣ್ಣದಲ್ಲಿ ಬಂತು. 1972ರ ‘ನಾಗರಹಾವು’ 2018ರ ಜುಲೈನಲ್ಲಿ ಸಿನಿಮಾಸ್ಕೋಪ್ ಆಗಿ, 7.1 ಧ್ವನಿಯೊಂದಿಗೆ ಬಂತು. ಕನ್ನಡದ ಮೊದಲ ಸಿನಿಮಾಸ್ಕೋಪ್ ಚಿತ್ರ ‘ಸೊಸೆ ತಂದ ಸೌಭಾಗ್ಯ’ ತೆರೆಕಂಡದ್ದು 1977ರಲ್ಲಿ. ಅಂದರೆ ಪುಟ್ಟಣ್ಣ ಕಣಗಾಲರು ‘ನಾಗರಹಾವು’ ತೆಗೆಯುವಾಗ ಆ ಅಗಲದ ಚೌಕಟ್ಟು ಕನ್ನಡಕ್ಕೆ ಬಂದೇ ಇರಲಿಲ್ಲ. ಅವರು ಯೋಚಿಸಿದ್ದು ಹೆಚ್ಚುಕಡಿಮೆ ಚೌಕಾಕಾರದ ಚಿತ್ರದಲ್ಲಿ. ಅದನ್ನು ಸ್ಕೋಪ್ ಮಾಡಲು ಇರುವುದು ಎರಡೇ ದಾರಿ: ಮೇಲೆ ಕೆಳಗೆ ಕತ್ತರಿಸಬೇಕು, ಇಲ್ಲವೇ ಅಡ್ಡಕ್ಕೆ ಎಳೆಯಬೇಕು. ‘ನಾಗರಹಾವು’ ಚಿತ್ರದುರ್ಗದ ಬಂಡೆಗಳ ಸಿನಿಮಾ. ರಾಮಾಚಾರಿಯ ಸೊಕ್ಕು, ಚಾಮಯ್ಯ ಮೇಷ್ಟ್ರ ಸಾವು, ಕೊನೆಯ ಜಿಗಿತ ಎಲ್ಲವೂ ಎತ್ತರವನ್ನು ನಂಬಿಕೊಂಡಿವೆ. ಇಂಥ ಚಿತ್ರದಲ್ಲಿ ಎತ್ತರವನ್ನೇ ಕುಗ್ಗಿಸಿದರೆ ಉಳಿಯುವುದೇನು? ಧ್ವನಿಯದ್ದೂ ಇದೇ ಕಥೆ. ಒಂದೇ ದಾರಿಯಲ್ಲಿ ಬರುತ್ತಿದ್ದ ಸದ್ದನ್ನು ಎಂಟು ದಾರಿಗೆ ಹಂಚುವಾಗ ಯಾವ ಸದ್ದು ಎಲ್ಲಿಂದ ಬರಬೇಕೆಂದು ಯಾರೋ ಹೊಸದಾಗಿ ತೀರ್ಮಾನಿಸಬೇಕು. ಆ ತೀರ್ಮಾನ ಪುಟ್ಟಣ್ಣನವರದ್ದಲ್ಲ, ಸಂಗೀತ ಕೊಟ್ಟ ವಿಜಯಭಾಸ್ಕರ್ ಅವರದ್ದೂ ಅಲ್ಲ.

ಕನ್ನಡ ಸಂಶೋಧನೆಗೆ ಬಂದವರಿಗೆ ಈ ಸಮಸ್ಯೆ ಹೊಸತಲ್ಲ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ ಓದಿದ ಯಾರಿಗೂ ಇದು ಗೊತ್ತು. ಕೈಬರಹದ ಪ್ರತಿಗಳನ್ನು ಕಲೆಹಾಕಬೇಕು, ಒಂದಕ್ಕೊಂದು ತಾಳೆ ನೋಡಬೇಕು, ಆರಿಸಿದ ಪಾಠವನ್ನು ಮೇಲಿಟ್ಟು ಬಿಟ್ಟ ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಕೊಡಬೇಕು. ಸಂಪಾದಕನೂ ತಪ್ಪಬಹುದು. ಆದರೆ ಅವನು ತಪ್ಪಿದ್ದೆಲ್ಲಿ ಎಂದು ಹಿಡಿಯಲು ಬೇಕಾದ ಸಾಮಗ್ರಿಯನ್ನು ಅವನೇ ನಮ್ಮ ಕೈಗೆ ಕೊಟ್ಟಿರುತ್ತಾನೆ. ಬಣ್ಣದ ‘ಕಸ್ತೂರಿ ನಿವಾಸ’ದ ಬಗ್ಗೆ ನನ್ನ ತಕರಾರು ಬಣ್ಣ ಹಾಕಿದರೆಂಬುದಲ್ಲ. ಅದರಲ್ಲಿ ಅಡಿಟಿಪ್ಪಣಿ ಇಲ್ಲ ಎಂಬುದು.

ಈ ಅಡಿಟಿಪ್ಪಣಿಯ ಕೆಲಸವನ್ನು ಸಿನಿಮಾದಲ್ಲಿ ಅಭಿಮಾನಿಗಳೇ ಕೈಗೆತ್ತಿಕೊಂಡ ಪ್ರಸಿದ್ಧ ಉದಾಹರಣೆ ‘ಸ್ಟಾರ್ ವಾರ್ಸ್’. 1977ರ ಆ ಚಿತ್ರವನ್ನು ನಿರ್ದೇಶಕ ಜಾರ್ಜ್ ಲೂಕಾಸ್ 1997ರಲ್ಲಿ ಕಂಪ್ಯೂಟರ್ ಚಿತ್ರಗಳನ್ನು ಸೇರಿಸಿ ಬದಲಿಸಿದರು. ಆಮೇಲೆಯೂ ತಿದ್ದುತ್ತಲೇ ಹೋದರು. ಮೊದಲು ಜನ ಕಂಡ ರೂಪ ಮರೆಗೆ ಸರಿಯಿತು. ಇದೇ ಲೂಕಾಸ್ 1988ರಲ್ಲಿ ಅಮೆರಿಕದ ಸಂಸತ್ತಿನ ಮುಂದೆ, ಹಕ್ಕುದಾರರು ಹಳೆಯ ಚಿತ್ರಗಳನ್ನು ಮನಬಂದಂತೆ ಬದಲಿಸುವುದರ ವಿರುದ್ಧ ಮಾತಾಡಿದ್ದರು. ಬೇಸತ್ತ ಅಭಿಮಾನಿಗಳು ಅಂದಿನ ಚಿತ್ರಮಂದಿರಗಳಲ್ಲಿ ಓಡಿದ 35 ಎಂಎಂ ಪ್ರಿಂಟನ್ನು ಹುಡುಕಿ, ಸ್ಕ್ಯಾನ್ ಮಾಡಿ, ಗೀರು ಕಲೆಗಳನ್ನು ಒರೆಸಿ ‘ಫೋರ್ ಕೆ ಸೆವೆಂಟಿ ಸೆವೆನ್’ ಎಂಬ ರೂಪ ತಯಾರಿಸಿದರು. ಅನುಮತಿ ಇರಲಿಲ್ಲ. ಕಾನೂನಿನ ಕಣ್ಣಿನಲ್ಲಿ ಇದು ನಕಲು.

ಕೆಲಸಕ್ಕಿಳಿದ ಮೇಲೆ ಅವರಿಗೂ ‘ಮೂಲ’ ಅಷ್ಟು ಸುಲಭವಾಗಿ ಸಿಗಲಿಲ್ಲ. 1977ರಲ್ಲೇ ಆ ಚಿತ್ರ ಮೂರು ಬಗೆಯ ಧ್ವನಿಮಿಶ್ರಣದಲ್ಲಿ ತೆರೆಕಂಡಿತ್ತು. ಒಂದೂರಿನವರು ಕೇಳಿದ ಕೆಲವು ಮಾತು ಇನ್ನೊಂದೂರಿನವರು ಕೇಳಿದ್ದಕ್ಕಿಂತ ಬೇರೆ. ಹಾಗಾದರೆ ಮೂಲ ಯಾವುದು? ಯಾವುದೋ ಒಂದನ್ನು ಆರಿಸಬೇಕು, ಆರಿಸಿದೆವೆಂದು ಹೇಳಬೇಕು, ಉಳಿದವನ್ನೂ ಇಡಬೇಕು. ಗ್ರಂಥಸಂಪಾದನೆಯ ದಾರಿಯೂ ಇದೇ.

ಅನುಮತಿ ಇಲ್ಲದ ನಕಲಿನ ಮಾತು ಬಂದಾಗ ನನಗೆ ನೆನಪಾಗುವುದು ನಮ್ಮ ಪಕ್ಕದ ಊರು. ಉಜಿರೆಯಿಂದ ಬೆಳ್ತಂಗಡಿ, ವೇಣೂರು ದಾಟಿ ಹೋದರೆ ಮೂಡುಬಿದಿರೆ. ಜೈನರ ಷಟ್ಖಂಡಾಗಮದ ವ್ಯಾಖ್ಯಾನವಾದ ಧವಲಾ ಮೊದಲಾದ ಗ್ರಂಥಗಳ ತಾಳೆಗರಿಗಳು ಶತಮಾನಗಳ ಕಾಲ ಉಳಿದದ್ದು ಅಲ್ಲಿ, ಹಳೆಗನ್ನಡ ಲಿಪಿಯಲ್ಲಿ. ಬಸದಿಯಲ್ಲಿ ಅವು ದರ್ಶನಕ್ಕಿದ್ದವು, ಓದುವುದಕ್ಕಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪ್ರತಿ ಮಾಡಿಸುವ ಕೆಲಸ ಶುರುವಾಯಿತು. ಆದರೆ ಆ ಪ್ರತಿಗಳೂ ಹೊರಗೆ ಹೋಗುವಂತಿರಲಿಲ್ಲ. ಪ್ರತಿ ಮಾಡಲು ಬಂದಿದ್ದ ಗಜಪತಿ ಶಾಸ್ತ್ರಿಗಳು ಹೆಂಡತಿಯ ನೆರವಿನಿಂದ ಗುಟ್ಟಾಗಿ ಇನ್ನೊಂದು ಪ್ರತಿ ಮಾಡಿಕೊಂಡರು. ಅದು ಉತ್ತರ ಭಾರತಕ್ಕೆ ಹೋಯಿತು, ನಕಲಿನಿಂದ ನಕಲು ಹುಟ್ಟಿತು. 1939ರಿಂದ ಹೀರಾಲಾಲ್ ಜೈನ್ ಸಂಪಾದಿಸಿದ ಮುದ್ರಿತ ಸಂಪುಟಗಳ ಬುಡದಲ್ಲಿರುವುದು ಆ ಗುಟ್ಟಿನ ಪ್ರತಿ. ಆಮೇಲೆ ಮೂಡುಬಿದಿರೆಯವರ ಸಹಕಾರವೂ ಸಿಕ್ಕಿ, ಮೂಲ ತಾಳೆಗರಿಗಳೊಂದಿಗೆ ಪಾಠವನ್ನು ಹೋಲಿಸಿ ನೋಡಲಾಯಿತು.

ಶಾಸ್ತ್ರಿಗಳು ಮಾಡಿದ್ದು ಸರಿಯೇ? ಇದಕ್ಕೆ ನನ್ನಲ್ಲಿ ನೇರ ಉತ್ತರವಿಲ್ಲ. ಕದ್ದು ನಕಲು ಮಾಡಿದವರಿಂದ ಗ್ರಂಥ ಲೋಕಕ್ಕೆ ಸಿಕ್ಕಿತು. ಕಾದಿಟ್ಟವರು ಇದ್ದದ್ದರಿಂದಲೇ ಕದಿಯಲು ಒಂದು ಮೂಲ ಉಳಿದಿತ್ತು. ಕನ್ನಡ ಸಿನಿಮಾದ ಕಷ್ಟ ಇರುವುದು ಇಲ್ಲಿಯೇ. ರಾಜ್‌ಕುಮಾರ್ ನಮ್ಮನ್ನು ‘ಅಭಿಮಾನಿ ದೇವರು’ ಎಂದರು. ದೇವರಾದ ನಾವು ಕಟೌಟ್ ನಿಲ್ಲಿಸಿದೆವು, ಹಾಲು ಸುರಿದೆವು, ರೀಲನ್ನು ಮಾತ್ರ ಕೇಳಲಿಲ್ಲ. ಕನ್ನಡದ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನಾ’ ಇಂದು ನೋಡಲು ಸಿಗುವುದಿಲ್ಲ. ನಮ್ಮ ಕಾನೂನಿನಲ್ಲಿ ಸಿನಿಮಾದ ಹಕ್ಕು ಬಿಡುಗಡೆಯ ಮರುವರ್ಷದಿಂದ 60 ವರ್ಷ. ಆ ಲೆಕ್ಕದಲ್ಲಿ ‘ಕಸ್ತೂರಿ ನಿವಾಸ’ 2031ರ ಕೊನೆಗೆ ಎಲ್ಲರ ಸ್ವತ್ತಾಗುತ್ತದೆ. ಅಷ್ಟರಲ್ಲಿ ಒಳ್ಳೆಯ ಕಪ್ಪು ಬಿಳುಪು ಪ್ರತಿ ಉಳಿಯದಿದ್ದರೆ ನಮ್ಮ ಕೈಗೆ ಬರುವುದು ಹಕ್ಕು ಮಾತ್ರ, ಸಿನಿಮಾ ಅಲ್ಲ.

ಕನ್ನಡದಲ್ಲಿ ಸರಿಯಾಗಿ ನಡೆದ ಒಂದು ಕೆಲಸವೂ ಇದೆ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ ಕೂಡ 1977ರದ್ದು. ನಾನು ಮೊದಲು ನೋಡಿದ ಪ್ರತಿಯಲ್ಲಿ ಎಸ್. ರಾಮಚಂದ್ರರು ಹಿಡಿದ ರಾತ್ರಿಗಳೆಲ್ಲ ಮಸಿಯ ಮುದ್ದೆಯಾಗಿದ್ದವು. ಯಮುನೆಯ ಮುಖವನ್ನು ನಾನು ಊಹಿಸಿಕೊಳ್ಳಬೇಕಾಗಿತ್ತು. ಮಾರ್ಟಿನ್ ಸ್ಕೋರ್ಸೇಸಿ ಕಟ್ಟಿದ ಫಿಲ್ಮ್ ಫೌಂಡೇಶನ್ ಮತ್ತು ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಸೇರಿ, ಇಟಲಿಯ ಬೊಲೊನ್ಯಾದ ಪ್ರಯೋಗಾಲಯದಲ್ಲಿ ಅದನ್ನು ಮರುಸ್ಥಾಪಿಸಿದವು. ನಿರ್ದೇಶಕರು ಜೊತೆಗಿದ್ದರು. ಬಣ್ಣ ಬಳಿಯಲಿಲ್ಲ, ಅಗಲ ಮಾಡಲಿಲ್ಲ. 2024ರ ವೆನಿಸ್ ಚಿತ್ರೋತ್ಸವದಲ್ಲಿ ಅದು ಪ್ರದರ್ಶನ ಕಂಡಿತು. ನಮ್ಮ ಕರಾವಳಿಯವರೇ ಆದ ನಿರ್ಮಾಪಕ ಸದಾನಂದ ಸುವರ್ಣರು ಅದೇ ವರ್ಷ ಜುಲೈನಲ್ಲಿ ತೀರಿಕೊಂಡಿದ್ದರು. ಇದಕ್ಕೆ ಹಣ ಕೊಟ್ಟದ್ದು ಹಾಬ್ಸನ್–ಲೂಕಾಸ್ ಕುಟುಂಬದ ಪ್ರತಿಷ್ಠಾನ. ಹೌದು, ಅದೇ ಲೂಕಾಸ್. ತನ್ನ 1977ನ್ನು ಮರೆಗೆ ಸರಿಸಿದವರು ನಮ್ಮ 1977ನ್ನು ಉಳಿಸಲು ನೆರವಾದರು. ನಗಬೇಕೋ ಕೈ ಮುಗಿಯಬೇಕೋ ತಿಳಿಯದೆ ನಾನು ಎರಡನ್ನೂ ಮಾಡಿದ್ದೇನೆ.

ಆದರೆ ವೆನಿಸ್‌ಗೆ ಹೋಗುವ ಭಾಗ್ಯ ಎಲ್ಲ ಚಿತ್ರಗಳಿಗೂ ಇಲ್ಲ. ರಾಜ್‌ಕುಮಾರ್ ಚಿತ್ರಗಳಿಗೆ, ಪುಟ್ಟಣ್ಣನವರ ಚಿತ್ರಗಳಿಗೆ ನಾವೇ ಆಗಬೇಕು. ಹಕ್ಕುದಾರರಿಗೆ ನಾವು ಕೇಳಬಹುದಾದ್ದು ದೊಡ್ಡದೇನಲ್ಲ. ಬಣ್ಣ ಹಾಕಿ, ಸದ್ದು ಹೆಚ್ಚಿಸಿ, ವ್ಯಾಪಾರ ಮಾಡಿ. ಆದರೆ ಚಿತ್ರ ಶುರುವಾಗುವ ಮೊದಲು ಏನೇನು ಬದಲಿಸಿದಿರಿ ಎಂದು ಒಂದು ಫಲಕ ಹಾಕಿ. ಮೊದಲು ತೆರೆಕಂಡ ರೂಪವನ್ನೂ ಅದೇ ಕಾಳಜಿಯಿಂದ ಶುಚಿಮಾಡಿ ಪಕ್ಕದಲ್ಲಿಡಿ.

ಮೊನ್ನೆ ಕಪ್ಪು ಬಿಳುಪಿನ ‘ಕಸ್ತೂರಿ ನಿವಾಸ’ ಹಾಕಿದೆ. ಚಿತ್ರ ಮಸುಕು, ಸದ್ದು ಗೊರಗೊರ. ತಂಗಿ ಹತ್ತು ನಿಮಿಷಕ್ಕೆ ಎದ್ದು ಹೋಗುತ್ತಾಳೆ ಅಂದುಕೊಂಡಿದ್ದೆ. ಅವಳು ಕೂತಳು. ಮುಗಿದ ಮೇಲೆ ಕೇಳಿದಳು: “ಆ ಮನೆ ಹಳತಾಗುದು ಬಣ್ಣದ್ರಲ್ಲಿ ಯಾಕೆ ಗೊತ್ತಾಗಿರ್ಲಿಲ್ಲ?” ಅಮ್ಮ ಒಳಗಿಂದಲೇ ಅಂದರು: “ನಾನು ಅವತ್ತೇ ಹೇಳ್ಲಿಲ್ವಾ?” ಎರಡೂ ಪಾಠ ಎದುರಿಗಿದ್ದುದರಿಂದ ತಂಗಿಗೆ ಆ ಪ್ರಶ್ನೆ ಕೇಳಲು ಸಾಧ್ಯವಾಯಿತು.